ಗಡಿಯೂರಿನ ತಕ್ಕಡಿ

ಸರಕಾರದ ಯೋಜನೆಯೊಂದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಮೈಸೂರಿನಲ್ಲೋ ದಾವಣಗೆರೆಯಲ್ಲೋ ಇರುವವರು ಉತ್ತರ ಹೇಳುವ ಕ್ರಮ ಒಂದು, ಬೀದರಿನವರು ಹೇಳುವ ಕ್ರಮ ಇನ್ನೊಂದು. ಅಲ್ಲಿನವರು ಹೋದ ವರ್ಷದೊಡನೆ ಈ ವರ್ಷವನ್ನೂ, ಹಿಂದಿನ ಮಂತ್ರಿಮಂಡಲದೊಡನೆ ಇಂದಿನದನ್ನೂ ಇಟ್ಟು ತೂಗುತ್ತಾರೆ. ನಮ್ಮ ಕಡೆಯ ಹೋಲಿಕೆ ಕಾಲದ್ದಲ್ಲ, ಸ್ಥಳದ್ದು. ಔರಾದಿನ ಚಹದಂಗಡಿಯಲ್ಲಿ ಕುಳಿತ ರೈತನಿಗೆ ಒಂದು ಮಗ್ಗುಲಲ್ಲಿ ಮಹಾರಾಷ್ಟ್ರ, ಮತ್ತೊಂದು ಮಗ್ಗುಲಲ್ಲಿ ತೆಲಂಗಾಣ. ಸೋಯಾಬೀನಿನ ಧಾರಣೆ ಏನಾಯಿತೆಂದು ಅವನು ಉದಗೀರಿನ ಪೇಟೆಯನ್ನೂ ವಿಚಾರಿಸುತ್ತಾನೆ. 2018ರಲ್ಲಿ ತೆಲಂಗಾಣ ಸರಕಾರ ‘ರೈತುಬಂಧು’ ಎಂಬ ಹೆಸರಿನಲ್ಲಿ ಪ್ರತಿ ಹಂಗಾಮಿಗೆ ಎಕರೆಗೆ 4,000 ರೂಪಾಯಿ ಕೊಡತೊಡಗಿದಾಗ, ಆ ಸುದ್ದಿ ಬೆಂಗಳೂರಿಗೆ ಪತ್ರಿಕೆಯಲ್ಲಿ ಬಂತು. ಔರಾದಿಗೆ ಬೀಗರ ಬಾಯಲ್ಲಿ ಬಂತು. ಬೀಗರ ಬಾಯಲ್ಲಿ ಬಂದ ಸುದ್ದಿಗೆ ಎಷ್ಟು ಖಾರ ಇರುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಈ ಬೀಗತನಕ್ಕೆ ಇತಿಹಾಸವಿದೆ. ನಿಜಾಮರ ಕಾಲದ ಬೀದರ ಜಿಲ್ಲೆ ಇಂದಿನದಕ್ಕಿಂತ ಬಹು ದೊಡ್ಡದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ನಾರಾಯಣಖೇಡ ತಾಲ್ಲೂಕು ಆಂಧ್ರಕ್ಕೆ ಹೋಯಿತು. ಜಹೀರಾಬಾದ ತಾಲ್ಲೂಕೂ ಹೋಯಿತು, ಆದರೆ ಅದರ ನಿರ್ಣಾ ವಲಯ ಮಾತ್ರ ನಮ್ಮಲ್ಲಿ ಉಳಿಯಿತು. ಬೀದರ ತಾಲ್ಲೂಕಿನದೇ ಆಗಿದ್ದ ನ್ಯಾಲಕಲ್ ವಲಯ ಆಚೆಗೆ ಹೋಯಿತು. ಇನ್ನೂ ಸೋಜಿಗದ ಸಂಗತಿಯೆಂದರೆ, ಫಜಲ್ ಅಲಿ ಆಯೋಗ 1955ರ ತನ್ನ ವರದಿಯಲ್ಲಿ ಬೀದರ ಜಿಲ್ಲೆಯನ್ನು ತೆಲಂಗಾಣದ ಜೊತೆಗೆ ಹೈದರಾಬಾದಿನಲ್ಲಿಯೇ ಇರಿಸಬೇಕೆಂದು ಸೂಚಿಸಿತ್ತು. ಹಾಗೆ ನಡೆಯಲಿಲ್ಲ. ಗೆರೆ ಬೇರೆ ಕಡೆ ಬಿತ್ತು. ಗೆರೆ ಬಿದ್ದ ಮೇಲೆಯೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ.

ಹೀಗಾಗಿ ಮೂರು ಸರಕಾರಗಳ ನೀತಿಗಳು ಒಂದೇ ಮನೆಯ ಜಗುಲಿಯ ಮೇಲೆ ಎದುರುಬದುರು ಕೂಡುತ್ತವೆ. ಇದಕ್ಕೆ ನನಗೆ ತಿಳಿದ ಅತ್ಯಂತ ಸ್ಪಷ್ಟವಾದ ಉದಾಹರಣೆ 2023ನೆಯ ಇಸವಿಯದು. ಆ ವರ್ಷದ ಮಾರ್ಚ್ 17ರಿಂದ ಮಹಾರಾಷ್ಟ್ರದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ದರ. ಜೂನ್ 11ರಿಂದ ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ. ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ದರವೇ ಇಲ್ಲ. ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ‘ಮಹಾಲಕ್ಷ್ಮಿ’, ಅಲ್ಲಿಯೂ ಉಚಿತ. ಒಂಬತ್ತು ತಿಂಗಳೊಳಗೆ ನಮ್ಮ ಸುತ್ತಲಿನ ರಸ್ತೆಗಳ ಮೇಲೆ ಒಂದೇ ಪ್ರಯಾಣಕ್ಕೆ ಮೂರು ಬಗೆಯ ಲೆಕ್ಕಗಳಾದವು. ಆದರೆ ಕರ್ನಾಟಕದ ಸೌಲಭ್ಯ ಕರ್ನಾಟಕದ ನಿವಾಸಿಗೆ, ತೆಲಂಗಾಣದ್ದು ತೆಲಂಗಾಣದ ನಿವಾಸಿಗೆ. ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರು ಕೊಡುವ ಸೊನ್ನೆ ರೂಪಾಯಿಯ ಟಿಕೀಟಿನ ಬೆಲೆಯನ್ನು ಸರಕಾರ ತನ್ನ ಬೊಕ್ಕಸದಿಂದ ಸಾರಿಗೆ ನಿಗಮಕ್ಕೆ ತುಂಬಿಕೊಡಬೇಕಾದ್ದರಿಂದ ಈ ನಿಬಂಧನೆ. ನ್ಯಾಯವಾದದ್ದೇ.

ಈ ಬಗ್ಗೆ ಪಟ್ಟಣದ ಓದಿದವರಲ್ಲಿ ಪ್ರಚಲಿತವಾದ ಅಭಿಪ್ರಾಯ ಒಂದೇ ಶಬ್ದದ್ದು: ಪುಕ್ಕಟೆ. ನಾನೂ ಆ ಶಬ್ದವನ್ನು ಧಾರಾಳವಾಗಿ ಆಡಿದವನೇ. ಪೆಟ್ರೋಲಿನ ಪ್ರಸಂಗ ನನ್ನ ಬಾಯಿ ಕಟ್ಟಿತು. 2017ರಲ್ಲಿ ದೇಶಕ್ಕೆಲ್ಲ ಒಂದೇ ತೆರಿಗೆಯೆಂದು ಜಿ.ಎಸ್.ಟಿ. ಬಂದರೂ ಪೆಟ್ರೋಲು, ಡೀಸೆಲ್ಲು ಅದರ ಹೊರಗೆ ಉಳಿದವು. ಅವುಗಳ ಮೇಲಿನ ಮಾರಾಟ ತೆರಿಗೆ ರಾಜ್ಯಕ್ಕೊಂದು ಬಗೆ. ಈಚಿನ ವರ್ಷಗಳಲ್ಲಿ ತೆಲಂಗಾಣಕ್ಕಿಂತ ನಮ್ಮಲ್ಲಿ ಬೆಲೆ ಕಡಿಮೆ. ನನ್ನ ಸ್ನೇಹಿತರೊಬ್ಬರು ಹೈದರಾಬಾದಿನಿಂದ ಕಾರಿನಲ್ಲಿ ಮರಳುವಾಗ, ಮುಳ್ಳು ಕೆಳಕ್ಕೆ ತಾಗಿದ್ದರೂ ಜಹೀರಾಬಾದಿನಲ್ಲಿ ಒಂದು ಹನಿ ಹಾಕಿಸುವುದಿಲ್ಲ. ಉಸಿರು ಬಿಗಿಹಿಡಿದು ಗಡಿ ದಾಟಿ ಬಂದು ಟ್ಯಾಂಕಿ ತುಂಬಿಸುತ್ತಾರೆ. ಅದೇ ಸ್ನೇಹಿತರು ಬಸ್ಸಿನ ಹೆಂಗಸರನ್ನು ಕುರಿತು ಬೇಸರಪಡುತ್ತಾರೆ. ಎರಡೂ ಕಡೆ ಇರುವುದು ಸರಕಾರ ಬಿಟ್ಟುಕೊಟ್ಟ ಹಣವೇ. ತೆರಿಗೆಯ ಅಂತರವನ್ನು ಉಳಿಸಿಕೊಂಡವನಿಗೆ ಜಾಣನೆಂಬ ಹೆಸರು, ಟಿಕೀಟಿನ ದುಡ್ಡು ಉಳಿಸಿಕೊಂಡವಳಿಗೆ ಪುಕ್ಕಟೆಯವಳೆಂಬ ಹೆಸರು! ಯೋಜನೆಯ ಖರ್ಚನ್ನು ಪ್ರಶ್ನಿಸಬಾರದೆಂದು ನಾನು ಹೇಳುತ್ತಿಲ್ಲ. ಬಸ್ಸುಗಳ ಸಂಖ್ಯೆ ಸಾಲದೆ ಶಾಲೆಯ ಮಕ್ಕಳು ಬಾಗಿಲಲ್ಲಿ ಜೋತುಬೀಳುವುದನ್ನು ನಾನೂ ಕಂಡಿದ್ದೇನೆ. ಪ್ರಶ್ನಿಸುವವನು ತನ್ನ ತಕ್ಕಡಿಯ ಎರಡು ತಟ್ಟೆಗಳನ್ನೂ ಒಮ್ಮೆ ನೋಡಿಕೊಳ್ಳಬೇಕು, ಅಷ್ಟೆ.

ಬೀದರಿನ ಬಸ್ ನಿಲ್ದಾಣದಲ್ಲಿ ಒಂದು ಮಧ್ಯಾಹ್ನ ನನ್ನ ಪಕ್ಕದ ಬೆಂಚಿನ ಮೇಲೆ ತಾಯಿ ಮಗಳು ಕುಳಿತಿದ್ದರು. ತಾಯಿ ಭಾಲ್ಕಿಯ ಕಡೆಯವಳು. ಮಗಳನ್ನು ಕೊಟ್ಟದ್ದು ನ್ಯಾಲಕಲ್ಲಿನ ಕಡೆಗೆ. ಮಗಳ ಗುರುತಿನ ಚೀಟಿ ಮದುವೆಯಾದ ಮೇಲೆ ಗಂಡನ ಮನೆಯ ವಿಳಾಸಕ್ಕೆ ಬದಲಾಗಿದೆ. ಮಗಳು ಭಾಲ್ಕಿಗೆ ಬರಬೇಕಾದರೆ ಗಡಿಯಿಂದ ಈಚೆಗೆ ಟಿಕೀಟು ತೆಗೆಸಬೇಕು; ತಾಯಿ ಮಗಳ ಮನೆಗೆ ಹೋಗಬೇಕಾದರೆ ಗಡಿಯಿಂದ ಆಚೆಗೆ.

“ಇಲ್ಲಿ ನಾ ಪುಕ್ಕಟ, ನಿನಗ ರೊಕ್ಕ. ಅಲ್ಲಿ ನೀ ಪುಕ್ಕಟ, ನನಗ ರೊಕ್ಕ. ಹಡದಾಕಿಗಿ ಒಂದು ಸರಕಾರ, ಹುಟ್ಟಿದಾಕಿಗಿ ಒಂದು ಸರಕಾರ,” ಎಂದಳು ತಾಯಿ. ಸಿಟ್ಟಿರಲಿಲ್ಲ, ನಗುತ್ತಲೇ ಅಂದಳು.

ಅವರು ಕಂಡುಕೊಂಡ ಉಪಾಯ ಬೀದರು. ತಾಯಿ ಭಾಲ್ಕಿಯಿಂದ ಖರ್ಚಿಲ್ಲದೆ ಇಲ್ಲಿಯವರೆಗೆ ಬರುತ್ತಾಳೆ. ಮಗಳಿಗೆ ಗಡಿಯಿಂದ ಬೀದರಿನವರೆಗಿನ ದುಡ್ಡು ಮಾತ್ರ ಬೀಳುತ್ತದೆ. ನಿಲ್ದಾಣದ ಬೆಂಚೇ ತವರುಮನೆ. ಜೋಳದ ರೊಟ್ಟಿಯ ಗಂಟು, ಮೊಮ್ಮಗನಿಗೊಂದು ಅಂಗಿ, ಎರಡು ತಾಸು ಮಾತು.

ಜಹೀರಾಬಾದಿನ ಬಸ್ಸು ಬಂತು. ಮಗಳು ಎದ್ದಳು. ತಾಯಿ ಸೆರಗಿನ ಗಂಟು ಬಿಚ್ಚಿ ಗಡಿಯವರೆಗಿನ ಟಿಕೀಟಿನ ದುಡ್ಡನ್ನು ಮಗಳ ಮುಷ್ಟಿಗೆ ತುರುಕಿದಳು. “ನನ್ನ ಬಲ್ಲಿ ಅವ ಅವ್ವಾ,” ಎಂದು ಮಗಳು ಹಿಂದಕ್ಕೆ ಕೊಟ್ಟಳು. ತಾಯಿ ಮತ್ತೆ ತುರುಕಿದಳು. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರು ಇಬ್ಬರ ಜಗಳ ಮುಗಿಯಲಿ ಎಂದು ಸೀಟಿ ಊದದೆ ಕಾದ.