ನಕ್ಷತ್ರ ಉಳಿಯಿತು, ಕಂಪನಿ ಮುಳುಗಿತು

ಸಿನಿಮಾ ಶುರುವಾಗುವ ಮುಂಚೆ ಹತ್ತು-ಹದಿನೈದು ಸೆಕೆಂಡು ಪರದೆ ಮೇಲೆ ಒಂದು ಲೋಗೊ ಬರುತ್ತೆ. ಒಂದು ಕಂಪನಿಯದ್ದಾದರೆ ಸಿಂಹ ಗರ್ಜಿಸುತ್ತೆ, ಇನ್ನೊಂದರದ್ದು ಭೂಮಿ ತಿರುಗುತ್ತೆ, ಮತ್ತೊಂದರದ್ದು ಬೆಟ್ಟದ ಸುತ್ತ ನಕ್ಷತ್ರಗಳು ಹಾರಿ ಬರುತ್ತವೆ. ಥಿಯೇಟರ್‌ನಲ್ಲಿ ನಾವು ಆಗ ಸೀಟು ಹುಡುಕುತ್ತಿರುತ್ತೇವೆ. ಮನೆಯಲ್ಲಾದರೆ ರಿಮೋಟ್ ಒತ್ತಿ ಮುಂದಕ್ಕೆ ಓಡಿಸಿಬಿಡುತ್ತೇವೆ. ಇವತ್ತು ಅಂಥ ಒಂದು ಲೋಗೊದ ಕಥೆ ಹೇಳುತ್ತೇನೆ, ವೀಕ್ಷಕರೇ. ಅದರ ಹೆಸರು ಓರಿಯನ್.

ನೀವು ಅದನ್ನು ನೋಡಿರುತ್ತೀರಿ. 1984ರ ಟರ್ಮಿನೇಟರ್, 1987ರ ರೋಬೊಕಾಪ್, ಇವುಗಳ ಮುಂದೆ ಬರುವುದು ಅದೇ. ಕಪ್ಪು ಆಕಾಶ, ಅದರ ತುಂಬ ಚುಕ್ಕಿಗಳು. ಒಂದು ನಕ್ಷತ್ರಪುಂಜ ಹೊಳೆಯುತ್ತೆ, ಚುಕ್ಕಿಗಳು ಗಿರ್ರನೆ ಸುತ್ತುತ್ತವೆ, ಸುತ್ತಿ ಸುತ್ತಿ ಇಂಗ್ಲಿಷಿನ ‘ಓ’ ಅಕ್ಷರವಾಗುತ್ತವೆ. ಆಮೇಲೆ ಪೂರ್ತಿ ಹೆಸರು. ಬಹುಪಾಲು ಚಿತ್ರಗಳಲ್ಲಿ ಈ ಲೋಗೊಗೆ ಡೋಲು-ಕಹಳೆ ಏನೂ ಇಲ್ಲ. ಒಂದೋ ಮೌನ, ಇಲ್ಲವೇ ಆ ಚಿತ್ರದ್ದೇ ಸಂಗೀತ.

ಓರಿಯನ್ ಅಂದ್ರೆ ನಮ್ಮ ಮಹಾವ್ಯಾಧ. ನಮ್ಮ ರೈತರಿಗೆ ಈ ಪುಂಜ ಹೊಸದಲ್ಲ. ಜೂನ್‌ನಲ್ಲಿ ಬರುವ ಮೃಗಶಿರಾ ಮಳೆ, ಅದರ ಹಿಂದೆಯೇ ಬರುವ ಆರಿದ್ರಾ ಮಳೆ, ಎರಡೂ ನಕ್ಷತ್ರಗಳು ಇದರೊಳಗೇ ಇವೆ. ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ ಅಂತಾರೆ ಹಳ್ಳಿಯಲ್ಲಿ. ಆ ಮಳೆ ಬಂದರೆ ಬೆಳೆ, ಬರದಿದ್ದರೆ ಏನೂ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಸಿನಿಮಾ ವ್ಯಾಪಾರಕ್ಕೂ ಇದೇ ಗಾದೆ.

ಅಮೆರಿಕದ ಕಂಪನಿಗೆ ಈ ಹೆಸರು ಯಾಕೆ ಬಂತು? ಇದಕ್ಕೆ 1978ರ ಜನವರಿಗೆ ಹೋಗಬೇಕು. ಯುನೈಟೆಡ್ ಆರ್ಟಿಸ್ಟ್ಸ್ ಅನ್ನೋ ದೊಡ್ಡ ಸಂಸ್ಥೆಯಿಂದ ಐದು ಜನ ಒಂದೇ ವಾರದಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಆರ್ಥರ್ ಕ್ರಿಮ್, ರಾಬರ್ಟ್ ಬೆಂಜಮಿನ್, ಎರಿಕ್ ಪ್ಲೆಸ್ಕೋ, ವಿಲಿಯಂ ಬರ್ನ್‌ಸ್ಟೀನ್, ಮೈಕ್ ಮೆಡವಾಯ್. ಕ್ರಿಮ್ ಮತ್ತು ಬೆಂಜಮಿನ್ ಇಬ್ಬರೂ ವಕೀಲರು. 1951ರಲ್ಲಿ ಮುಳುಗುತ್ತಿದ್ದ ಆ ಸಂಸ್ಥೆಯನ್ನು ವಹಿಸಿಕೊಂಡು ಎತ್ತಿ ನಿಲ್ಲಿಸಿದವರು. ಆದರೆ 1967ರಿಂದ ಅದರ ಯಜಮಾನಿಕೆ ಇದ್ದದ್ದು ಟ್ರಾನ್ಸ್‌ಅಮೆರಿಕ ಅನ್ನೋ ವಿಮೆ ಮತ್ತು ಹಣಕಾಸಿನ ಕಂಪನಿ ಕೈಯಲ್ಲಿ. ಪಾಲಿಸಿ ಮಾರುವವರ ಲೆಕ್ಕದಲ್ಲಿ ಸಿನಿಮಾ ನಡೆಯಲ್ಲ ಅನ್ನೋದು ಈ ಐವರ ಸಿಟ್ಟು. ಅವರು ಹೊರಬಂದಾಗ ಹಾಲಿವುಡ್‌ನ 63 ಪ್ರಮುಖರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನೀವು ದೊಡ್ಡ ತಪ್ಪು ಮಾಡುತ್ತಿದ್ದೀರಿ ಅಂತ ಟ್ರಾನ್ಸ್‌ಅಮೆರಿಕಗೆ ಎಚ್ಚರಿಕೆ ಕೊಟ್ಟರು.

ಎಚ್ಚರಿಕೆ ಸುಳ್ಳಾಗಲಿಲ್ಲ. ಎರಡೇ ವರ್ಷಕ್ಕೆ, 1980ರಲ್ಲಿ, ಯುನೈಟೆಡ್ ಆರ್ಟಿಸ್ಟ್ಸ್ ಬಿಡುಗಡೆ ಮಾಡಿದ ‘ಹೆವನ್ಸ್ ಗೇಟ್’ ಚಿತ್ರಕ್ಕೆ ಸುಮಾರು 4 ಕೋಟಿ 40 ಲಕ್ಷ ಡಾಲರ್ ಖರ್ಚಾಯ್ತು. ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ 40 ಲಕ್ಷವೂ ಬರಲಿಲ್ಲ. 1981ರಲ್ಲಿ ಟ್ರಾನ್ಸ್‌ಅಮೆರಿಕ ಆ ಸಂಸ್ಥೆಯನ್ನು ಎಂಜಿಎಂಗೆ ಮಾರಿ ಕೈತೊಳೆದುಕೊಂಡಿತು.

ಇತ್ತ ಹೊರಬಂದ ಐವರು ವಾರ್ನರ್ ಬ್ರದರ್ಸ್ ಜೊತೆ ಒಪ್ಪಂದ ಮಾಡಿಕೊಂಡು, 10 ಕೋಟಿ ಡಾಲರ್ ಸಾಲದ ಸೌಲಭ್ಯದೊಂದಿಗೆ ಹೊಸ ಕಂಪನಿ ಕಟ್ಟಿದರು. ಓರಿಯನ್ ಪುಂಜದಲ್ಲಿ ಐದು ಮುಖ್ಯ ನಕ್ಷತ್ರ, ನಾವೂ ಐವರು ಅನ್ನೋದು ಅವರ ಲೆಕ್ಕ. ಆಕಾಶ ನೋಡಿದವರನ್ನು ಕೇಳಿ, ಏಳೋ ಎಂಟೋ ಎದ್ದು ಕಾಣುತ್ತವೆ ಅಂತಾರೆ. ಇರಲಿ. ಲೋಗೊದ ಹಿಂದೆ ಮನುಷ್ಯರಿದ್ದರು, ಅದು ಮುಖ್ಯ. ನಿರ್ದೇಶಕರು ನಂಬಿ ಬಂದದ್ದು ಆ ಮನುಷ್ಯರನ್ನು. ವುಡಿ ಅಲೆನ್ ಹಳೇ ಸಂಸ್ಥೆ ಬಿಟ್ಟು ಇವರ ಹಿಂದೆ ಬಂದರು. ಕಥೆ ಒಪ್ಪಿಗೆಯಾದ ಮೇಲೆ ನಿರ್ದೇಶಕನ ಕೆಲಸದಲ್ಲಿ ಕೈಯಾಡಿಸಬಾರದು ಅನ್ನೋದು ಈ ತಂಡದ ಹಳೇ ಪದ್ಧತಿ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಮೊದಲು ಬರುವ ಲೋಗೊ ಅಂದ್ರೆ ಚಿತ್ರ ತಯಾರಿಸಿದವರದ್ದೇ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಟರ್ಮಿನೇಟರ್ ಮತ್ತು ಪ್ಲಟೂನ್ ಹಿಂದೆ ಇದ್ದದ್ದು ಹೆಮ್‌ಡೇಲ್ ಅನ್ನೋ ಬೇರೆ ಕಂಪನಿ. ಅಮೇಡಿಯಸ್ ಚಿತ್ರದ ನಿರ್ಮಾಪಕ ಸಾಲ್ ಜೆಂಟ್ಸ್. ಓರಿಯನ್ ಇವುಗಳ ವಿತರಕ. 1982ರಲ್ಲಿ ಫಿಲ್ಮ್‌ವೇಸ್ ಅನ್ನೋ ಕಂಪನಿಯನ್ನು ತನ್ನದಾಗಿಸಿಕೊಂಡ ಮೇಲೆ ಓರಿಯನ್‌ಗೆ ಸ್ವಂತ ವಿತರಣಾ ಜಾಲ ಸಿಕ್ಕಿತ್ತು. ಅಂದ್ರೆ ಪರದೆ ಮೇಲಿನ ನಕ್ಷತ್ರ ನೋಡಿ ಇಡೀ ಗಳಿಕೆ ಓರಿಯನ್ ಜೇಬಿಗೆ ಅಂತ ಲೆಕ್ಕ ಹಾಕಿದರೆ ತಪ್ಪುತ್ತೆ. ಒಂದೇ ಚಿತ್ರದ ದುಡ್ಡು ಹತ್ತು ಕೈಗೆ ಹಂಚಿಹೋಗುತ್ತೆ.

ಗೆದ್ದದ್ದು ಮಾತ್ರ ಎಷ್ಟು ನೋಡಿ. ಅಮೇಡಿಯಸ್‌ಗೆ 8 ಆಸ್ಕರ್. ಪ್ಲಟೂನ್‌ಗೆ 4. 1991ರ ಮಾರ್ಚ್‌ನಲ್ಲಿ ಡ್ಯಾನ್ಸಸ್ ವಿತ್ ವುಲ್ವ್ಸ್‌ಗೆ 7. ಮೂರಕ್ಕೂ ಅತ್ಯುತ್ತಮ ಚಿತ್ರ ಪ್ರಶಸ್ತಿ. ಅದೇ ವರ್ಷದ ಡಿಸೆಂಬರ್ 11ರಂದು ಓರಿಯನ್ ದಿವಾಳಿ ರಕ್ಷಣೆ ಕೇಳಿ ಕೋರ್ಟ್ ಮೆಟ್ಟಿಲು ಹತ್ತಿತು!

ಇದು ಹೇಗೆ ಸಾಧ್ಯ ಅಂತ ನೀವು ಕೇಳಬಹುದು. ಉತ್ತರ ಮೂರು ಮಾತಿನಲ್ಲಿದೆ. ಒಂದು, ಸೋತ ಚಿತ್ರಗಳು. ಅಮೇಡಿಯಸ್ ಮಾಡಿದ ಅದೇ ಮಿಲೋಸ್ ಫೋರ್ಮನ್ ಅವರ ವಾಲ್ಮಾಂಟ್ 1989ರಲ್ಲಿ ನೆಲಕಚ್ಚಿತು. ಅದೇ ವರ್ಷ ಶೀ-ಡೆವಿಲ್, ಗ್ರೇಟ್ ಬಾಲ್ಸ್ ಆಫ್ ಫೈರ್ ಕೂಡ ಕೈಕೊಟ್ಟವು. ಎರಡು, ಮೊದಲೇ ಮಾರಿಕೊಂಡ ಹಕ್ಕುಗಳು. ಡ್ಯಾನ್ಸಸ್ ವಿತ್ ವುಲ್ವ್ಸ್ ಪ್ರಪಂಚದಾದ್ಯಂತ 42 ಕೋಟಿ ಡಾಲರ್ ದಾಟಿತು. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಹೊರದೇಶಗಳಿಂದ, ಆ ಹಕ್ಕು ಬೇರೆಯವರ ಕೈಯಲ್ಲಿತ್ತು. ಮೂರು, ಸಾಲ. ಚಿತ್ರದ ದುಡ್ಡು ಥಿಯೇಟರ್, ವಿಡಿಯೊ, ಟಿವಿ ಅಂತ ಕಂತಿನಲ್ಲಿ, ತಡವಾಗಿ ಬರುತ್ತೆ. ಬಡ್ಡಿ ಮಾತ್ರ ತಾರೀಖಿಗೆ ಸರಿಯಾಗಿ ಬಾಗಿಲು ತಟ್ಟುತ್ತೆ. ದೊಡ್ಡ ಸ್ಟುಡಿಯೊಗೆ ಹಳೇ ಚಿತ್ರಗಳ ಆದಾಯ ಇರುತ್ತೆ, ಬೇರೆ ವ್ಯಾಪಾರ ಇರುತ್ತೆ. ಒಂದು ಮಳೆ ತಪ್ಪಿದರೂ ಕಣಜದಲ್ಲಿ ಕಾಳಿರುತ್ತೆ. ಓರಿಯನ್ ವರ್ಷದ ಬೆಳೆ ನಂಬಿಕೊಂಡ ಸಣ್ಣ ರೈತನ ಹಾಗಿತ್ತು.

ದಿವಾಳಿಗೆ ಮುಂಚೆಯೇ ಮನೆ ಸಾಮಾನು ಮಾರುವ ಸ್ಥಿತಿ ಬಂದಿತ್ತು. ಆ್ಯಡಮ್ಸ್ ಫ್ಯಾಮಿಲಿ ಓರಿಯನ್‌ನಲ್ಲೇ ಶುರುವಾದ ಚಿತ್ರ. ಕೈಯಲ್ಲಿ ಕಾಸಿಲ್ಲದೆ ಅದನ್ನು ಪ್ಯಾರಮೌಂಟ್‌ಗೆ ಬಿಟ್ಟುಕೊಟ್ಟರು. 1991ರ ನವೆಂಬರ್‌ನಲ್ಲಿ ತೆರೆಕಂಡ ಅದು ಅಮೆರಿಕದಲ್ಲೇ 10 ಕೋಟಿ ಡಾಲರ್ ದಾಟಿತು. ಬಿತ್ತಿದವರು ಇವರು, ಕೊಯ್ದವರು ಅವರು.

ಮತ್ತೂ ಕೇಳಿ. 1992ರ ಮಾರ್ಚ್ 30. ಕಂಪನಿ ಕೋರ್ಟಿನಲ್ಲಿದೆ, ಸಾಲ ಕೊಟ್ಟವರು ಬಾಗಿಲಲ್ಲಿದ್ದಾರೆ. ಆ ರಾತ್ರಿ ಓರಿಯನ್‌ನ ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್ ಐದು ಆಸ್ಕರ್ ಗೆದ್ದಿತು. ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ, ಐದೂ ದೊಡ್ಡ ಪ್ರಶಸ್ತಿಗಳು. ಅಲ್ಲಿಯವರೆಗೆ ಇಂಥ ಸಾಧನೆ ಮಾಡಿದ್ದು ಎರಡೇ ಚಿತ್ರ. ಒಂದು 1934ರದ್ದು. ಇನ್ನೊಂದು 1975ರ ಒನ್ ಫ್ಲೂ ಓವರ್ ದಿ ಕುಕ್ಕೂಸ್ ನೆಸ್ಟ್. ಅದನ್ನು ಹೊರತಂದವರು ಯಾರು ಗೊತ್ತೇ? ಯುನೈಟೆಡ್ ಆರ್ಟಿಸ್ಟ್ಸ್‌ನಲ್ಲಿದ್ದಾಗ ಇದೇ ತಂಡ. ಚಿತ್ರ ಆರಿಸುವ ಕಣ್ಣು ಕೆಟ್ಟಿರಲಿಲ್ಲ. ಕೆಟ್ಟದ್ದು ಖಾತೆ ಪುಸ್ತಕ.

ಈ ದಿವಾಳಿಯ ಬೆಲೆ ಕಲಾವಿದರೂ ತೆತ್ತರು. ಟೋನಿ ರಿಚರ್ಡ್‌ಸನ್ ನಿರ್ದೇಶಿಸಿದ ಬ್ಲೂ ಸ್ಕೈ ಮುಗಿದು ಡಬ್ಬದಲ್ಲೇ ಕೂತಿತು. 1991ರ ನವೆಂಬರ್‌ನಲ್ಲಿ ನಿರ್ದೇಶಕರು ತೀರಿಹೋದರು. ಚಿತ್ರ ತೆರೆಗೆ ಬಂದದ್ದು 1994ರಲ್ಲಿ. ಮರುವರ್ಷ ಅದರ ನಾಯಕಿ ಜೆಸ್ಸಿಕಾ ಲ್ಯಾಂಗ್ ಅವರಿಗೆ ಅತ್ಯುತ್ತಮ ನಟಿ ಆಸ್ಕರ್ ಬಂತು. ತನ್ನ ಕೊನೇ ಚಿತ್ರ ಜನರ ಮುಂದೆ ಬಂದದ್ದನ್ನು ರಿಚರ್ಡ್‌ಸನ್ ನೋಡಲೇ ಇಲ್ಲ.

ಕೋರ್ಟಿನಿಂದ ಹೊರಬಂದ ಓರಿಯನ್ ಹಳೇ ಓರಿಯನ್ ಆಗಿ ಉಳಿಯಲಿಲ್ಲ. 1997ರಲ್ಲಿ ಅದನ್ನು ಕೊಂಡದ್ದು ಎಂಜಿಎಂ. ಯುನೈಟೆಡ್ ಆರ್ಟಿಸ್ಟ್ಸ್ ಕೊಂಡಿತ್ತಲ್ಲ, ಅದೇ ಎಂಜಿಎಂ! ಐವರು ಸಿಟ್ಟಿನಿಂದ ಬಿಟ್ಟುಬಂದ ಮನೆ, ಆಮೇಲೆ ಕಟ್ಟಿಕೊಂಡ ಮನೆ, ಎರಡೂ ಕೊನೆಗೆ ಒಬ್ಬನೇ ಯಜಮಾನನ ಪಾಲಾದವು. 2022ರಲ್ಲಿ ಆ ಎಂಜಿಎಂನ್ನೇ ಅಮೆಜಾನ್ ಕೊಂಡುಕೊಂಡಿತು.

ಇಷ್ಟಾದರೂ ಲೋಗೊ ಸಾಯಲಿಲ್ಲ. ಜನರಿಗೆ ಗುರುತಿರುವ ಹೆಸರು ಅಂದ್ರೆ ಅದಕ್ಕೊಂದು ಬೆಲೆ. ಕಟ್ಟಡ, ಕುರ್ಚಿ, ಹಕ್ಕುಪತ್ರದ ಹಾಗೆ ಅದೂ ಕೈ ಬದಲಾಯಿಸುತ್ತೆ. 2017ರಲ್ಲಿ ಎಂಜಿಎಂ ಓರಿಯನ್ ಪಿಕ್ಚರ್ಸ್ ಹೆಸರಿಗೆ ಮತ್ತೆ ಜೀವ ಕೊಟ್ಟಿತು. 2022ರ ವಿಮೆನ್ ಟಾಕಿಂಗ್, 2023ರ ಅಮೆರಿಕನ್ ಫಿಕ್ಷನ್ ಅದೇ ಹೆಸರಿನಲ್ಲಿ ಬಂದವು, ಎರಡಕ್ಕೂ ಚಿತ್ರಕಥೆಯ ಆಸ್ಕರ್ ಬಂತು. ಆದರೆ ಈ ಹೆಸರಿನ ಹಿಂದೆ ಆ ಐವರಿಲ್ಲ.

ಅದಕ್ಕೇ ಹೇಳೋದು, ಯಾವುದೇ ಲೋಗೊ ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಚಿತ್ರ ಮಾಡಿದವರು ಯಾರು? ಜನರಿಗೆ ತಲುಪಿಸಿದವರು ಯಾರು? ಇವತ್ತು ಇದರ ದುಡ್ಡು ಯಾರ ಮನೆ ಸೇರುತ್ತಿದೆ? ಮೂರಕ್ಕೂ ಒಂದೇ ಉತ್ತರ ಸಿಗೋದು ಅಪರೂಪ. ಮುಂದಿನ ಸಲ ಟರ್ಮಿನೇಟರ್ ಹಾಕಿದಾಗ ಆ ಚುಕ್ಕಿಗಳು ಸುತ್ತಿ ‘ಓ’ ಆಗುವವರೆಗೆ ರಿಮೋಟ್ ಕೆಳಗಿಡಿ. ಅಷ್ಟು ಹೊತ್ತು ನೀವು ನೋಡುತ್ತಿರುವುದು, ಒಳ್ಳೇ ಚಿತ್ರಗಳ ಮೇಲೆ ಎಲ್ಲವನ್ನೂ ಪಣಕ್ಕಿಟ್ಟವರ ಸಹಿ.