ಹಸುಗೂಸಿನ ಕಾಮಾಲೆಗೆ ಬೆಳಕೇ ಮದ್ದು

ಹೆರಿಗೆಯಾದ ಮನೆಯ ಸಂಭ್ರಮ ಇನ್ನೂ ಆರಿರುವುದಿಲ್ಲ. ಎರಡನೆಯದೋ ಮೂರನೆಯದೋ ದಿನ ಮಗುವಿನ ಮೊಗದಲ್ಲಿ ಅರಿಸಿನದ ಛಾಯೆ ತಲೆದೋರುತ್ತದೆ. ಕೆಲವರು ಅದನ್ನು ಮೈಬಣ್ಣವೆಂದೇ ಬಗೆದು ಸುಮ್ಮನಾಗುತ್ತಾರೆ. ಕೆಲವರು ಗಾಬರಿಗೊಂಡು ಕಂಡ ಕಂಡ ಮದ್ದಿಗೆ ಕೈಚಾಚುತ್ತಾರೆ. ಎರಡೂ ತಪ್ಪು. ನವಜಾತ ಶಿಶುವಿನ ಕಾಮಾಲೆ ಬಹುಪಾಲು ನಿರಪಾಯಕರವಾದುದು. ಆದರೆ ಅಪಾಯದ ಹಾದಿ ಹಿಡಿದಾಗ ಅದು ಕೊಡುವ ಅವಕಾಶ ಕೆಲವೇ ಗಂಟೆಗಳದು.

ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೂ, ದಿನ ತುಂಬದೆ ಹುಟ್ಟಿದ ನೂರರಲ್ಲಿ ಸುಮಾರು 80 ಮಕ್ಕಳಿಗೂ ಮೊದಲ ವಾರದಲ್ಲಿ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಗರ್ಭದಲ್ಲಿರುವ ಶಿಶುವಿಗೆ ಕೆಂಪು ರಕ್ತಕಣಗಳು ಹೆಚ್ಚಾಗಿ ಬೇಕು. ಹುಟ್ಟಿದ ಮೇಲೆ ಹೆಚ್ಚಿನ ಕಣಗಳು ಒಡೆಯುತ್ತವೆ. ಒಡೆದ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದುವರೆಗೆ ಅದನ್ನು ಹೊರಸಾಗಿಸುವ ಹೊಣೆ ತಾಯಿಯದಾಗಿತ್ತು. ಈಗ ಆ ಹೊಣೆ ಇನ್ನೂ ಬಲಿಯದ ಮಗುವಿನ ಯಕೃತ್ತಿನ ಮೇಲೆ ಬೀಳುತ್ತದೆ. ಯಕೃತ್ತು ಪಳಗುವವರೆಗೆ ಮೈ ಹಳದಿಯಾಗಿದ್ದು, ಒಂದೆರಡು ವಾರಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ.

ಆದರೆ ಎಲ್ಲ ಮಕ್ಕಳ ವಿಷಯವೂ ಹೀಗಲ್ಲ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ತಾಯಿಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಮಗುವಿನ ರಕ್ತಕಣಗಳನ್ನು ನಾಶಮಾಡಬಹುದು. ‘ಓ’ ಗುಂಪಿನ ತಾಯಿಗೆ ‘ಎ’ ಅಥವಾ ‘ಬಿ’ ಗುಂಪಿನ ಮಗು ಹುಟ್ಟಿದಾಗಲೂ ಇಂಥ ತೊಂದರೆ ಉಂಟು. ಬಿಲಿರುಬಿನ್ ಮಿತಿಮೀರಿದರೆ ಮಿದುಳನ್ನು ಹೊಗುತ್ತದೆ. ಮಗು ಮಂಕಾಗಿ ಮೊಲೆ ಚೀಪುವುದನ್ನು ಬಿಡುತ್ತದೆ. ಕೀರಲು ದನಿಯಲ್ಲಿ ಅಳುತ್ತದೆ. ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುತ್ತದೆ. ಬದುಕಿ ಉಳಿದರೂ ಕಿವುಡುತನ, ಹತೋಟಿ ತಪ್ಪಿದ ಕೈಕಾಲು ಜೀವನಪರ್ಯಂತ ಕಾಡಬಹುದು. ಒಮ್ಮೆ ಆದ ಈ ಹಾನಿಯನ್ನು ಅಳಿಸುವ ಔಷಧಿಯಿಲ್ಲ.

ದಾದಿಯ ಕಣ್ಣಿಗೆ ಬಿದ್ದ ಸತ್ಯ

1950ರ ದಶಕದಲ್ಲಿ ತೀವ್ರ ಕಾಮಾಲೆಗೆ ವೈದ್ಯರ ಬಳಿ ಇದ್ದ ಮುಖ್ಯ ಉಪಾಯ ಮಗುವಿನ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ಹೊರತೆಗೆದು ದಾನಿಯ ರಕ್ತವನ್ನು ತುಂಬುವುದು. ಅದು ಜೀವ ಉಳಿಸುತ್ತಿತ್ತು. ಆದರೆ ಅದರಲ್ಲಿಯೂ ಅಪಾಯವಿತ್ತು.

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ದಿನ ತುಂಬದ ಶಿಶುಗಳ ವಿಭಾಗವನ್ನು ಸಿಸ್ಟರ್ ವಾರ್ಡ್ ಎಂಬ ದಾದಿ ನೋಡಿಕೊಳ್ಳುತ್ತಿದ್ದರು. ಬಿಸಿ ಪೆಟ್ಟಿಗೆಯೊಳಗಿನ ಗಾಳಿಗಿಂತ ಹೊರಗಿನ ಗಾಳಿ ಬಿಸಿಲುಗಳು ಕೂಸುಗಳಿಗೆ ಹಿತವೆಂಬುದು ಆಕೆಯ ನಂಬಿಕೆ. ಹವೆ ಬೆಚ್ಚಗಿದ್ದ ದಿನಗಳಲ್ಲಿ ಅವುಗಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. 1956ರ ಒಂದು ದಿನ ಆಕೆ ವೈದ್ಯರಿಗೆ ಒಂದು ಮಗುವನ್ನು ತೋರಿಸಿದರು. ಅದರ ಮೈಯೆಲ್ಲ ತಿಳಿಯಾಗಿತ್ತು. ಆದರೆ ಒಂದೆಡೆ ಮುಕ್ಕೋನಾಕಾರದ ಗಾಢ ಹಳದಿಯ ಪಟ್ಟೆ ಎದ್ದು ಕಾಣುತ್ತಿತ್ತು. ಯಾವುದೋ ಔಷಧ ಬಳಿದಿದ್ದಾರೆಂದು ವೈದ್ಯರು ಶಂಕಿಸಿದರು. ನಿಜವಾಗಿ, ಹೊದಿಕೆಯ ಅಂಚು ಮುಚ್ಚಿದ್ದ ಜಾಗದಲ್ಲಿ ಮಾತ್ರ ಹಳದಿ ಉಳಿದಿತ್ತು. ಬಿಸಿಲು ತಗುಲಿದ ಕಡೆ ಮಾಸಿತ್ತು.

ಕೆಲವು ವಾರಗಳ ಅನಂತರ, ಬಿಸಿಲಿನಲ್ಲಿ ಉಳಿದುಹೋದ ರಕ್ತದ ಕೊಳವೆಯೊಂದರಲ್ಲಿ ಬಿಲಿರುಬಿನ್ ನಿರೀಕ್ಷೆಗಿಂತ ಬಹಳ ಕಡಿಮೆಯಿದ್ದುದು ಕಂಡುಬಂದಿತು. ಎರಡು ಸಂಗತಿಗಳೂ ಒಂದೇ ಕಡೆಗೆ ಬೆರಳು ತೋರುತ್ತಿದ್ದವು. ಡಾ. ಕ್ರೆಮರ್ ಮತ್ತು ಅವರ ಸಹೋದ್ಯೋಗಿಗಳು ಕೃತಕ ಬೆಳಕಿನ ಸಾಧನವೊಂದನ್ನು ರಚಿಸಿ, ಪರೀಕ್ಷಿಸಿ, 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 1968ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ನಡೆದ ಪ್ರಯೋಗ ಇದನ್ನು ದೃಢಪಡಿಸಿದ ಮೇಲೆ ಈ ಚಿಕಿತ್ಸೆ ವ್ಯಾಪಕವಾಗಿ ಹರಡಿತು.

ಇದರಲ್ಲಿ ಕೆಲಸ ಮಾಡುವುದು ನೀಲಿ ಬೆಳಕು. ಅದು ಚರ್ಮದಲ್ಲಿರುವ ಬಿಲಿರುಬಿನ್ ಅಣುವಿನ ಆಕಾರವನ್ನೇ ಬದಲಿಸಿ, ಯಕೃತ್ತಿನ ಸಂಸ್ಕಾರವಿಲ್ಲದೆಯೇ ಪಿತ್ತ ಹಾಗೂ ಮೂತ್ರಗಳ ಮೂಲಕ ಹೊರಹೋಗುವಂತೆ ಮಾಡುತ್ತದೆ. ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಮೈಯನ್ನು ಆದಷ್ಟು ತೆರೆದಿಟ್ಟು ದೀಪದ ಕೆಳಗೆ ಮಲಗಿಸುತ್ತಾರೆ. ಆಗಾಗ ರಕ್ತ ಪರೀಕ್ಷಿಸುತ್ತಾರೆ.

ಅಂಗಳದ ಬಿಸಿಲು ಸಾಕೆ?

ನಮ್ಮ ಮನೆಗಳಲ್ಲಿ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ರೂಢಿಯುಂಟು. ಬಿಸಿಲಿನಿಂದಲೇ ಈ ಚಿಕಿತ್ಸೆ ಹುಟ್ಟಿತಾದ್ದರಿಂದ ಆಸ್ಪತ್ರೆಯ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಉತ್ತರ ಆ ಮುಕ್ಕೋನದಲ್ಲಿಯೇ ಇದೆ. ಬೆಳಕು ಬಿದ್ದ ಚರ್ಮ ಬೇಗ ತಿಳಿಯಾಗುತ್ತದೆ; ಆದರೆ ರಕ್ತದಲ್ಲಿ ಬಿಲಿರುಬಿನ್ ಇನ್ನೂ ಹೆಚ್ಚಾಗಿಯೇ ಇರಬಹುದು. ಕಣ್ಣಿಗೆ ಸಮಾಧಾನವಾಗುತ್ತದೆ, ಅಪಾಯ ಮಾತ್ರ ಒಳಗೇ ಬೆಳೆಯುತ್ತದೆ. ಬಿಸಿಲಿನ ಪ್ರಮಾಣವನ್ನು ಅಳೆಯಲೂ ಬಾರದು. ಎಳೆಯ ಚರ್ಮ ಸುಡಬಹುದು, ಮೈ ತಣ್ಣಗಾಗಲೂಬಹುದು.

ಕೆಲವೆಡೆ ಮಗುವಿನ ಹೊಟ್ಟೆಗೆ ಬರೆ ಹಾಕುವ ಕ್ರೂರ ಪದ್ಧತಿ ಇದೆ. ಅದರಿಂದ ಕಾಮಾಲೆ ಒಂದಿಷ್ಟೂ ಇಳಿಯದು. ಗಾಯ ಕೀವುಗಟ್ಟಿ ನಂಜೇರಿದರೆ ಪ್ರಾಣಕ್ಕೇ ಸಂಚಕಾರ. ಸಕ್ಕರೆ ನೀರೂ ಉಪಯೋಗವಿಲ್ಲ. ಬೇಕಾದುದು ತಾಯಿಯ ಹಾಲು: ದಿನಕ್ಕೆ 8ರಿಂದ 12 ಬಾರಿ. ಮಗು ಹಾಲು ಕುಡಿದು ಮಲ ವಿಸರ್ಜಿಸಿದಂತೆಲ್ಲ ಬಿಲಿರುಬಿನ್ ಹೊರಹೋಗುತ್ತದೆ.

ಹಗಲ ಬೆಳಕಿನಲ್ಲಿ ಮಗುವಿನ ಹಣೆ ಅಥವಾ ಎದೆಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಹಳದಿ ತಿಳಿಯುತ್ತದೆ. ಕಪ್ಪು ಮೈಯ ಮಗುವಿನಲ್ಲಿ ಕಣ್ಣಿನ ಬಿಳಿಭಾಗ ಹಾಗೂ ವಸಡುಗಳನ್ನು ನೋಡಬೇಕು. ಹುಟ್ಟಿದ 24 ಗಂಟೆಗಳೊಳಗೆ ಕಾಮಾಲೆ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಮಗು ಹಾಲು ಬಿಟ್ಟು ಮಂಕಾದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಎರಡು ವಾರ ಕಳೆದರೂ ಹಳದಿ ಉಳಿದು ಮಲ ಸುಣ್ಣದಂತೆ ಬೆಳ್ಳಗಾದರೆ ಪಿತ್ತನಾಳ ಮುಚ್ಚಿರುವ ಸಂಭವವುಂಟು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು; ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು.

ಬಸುರಿನಲ್ಲಿಯೇ ತಾಯಿಯ ರಕ್ತದ ಗುಂಪನ್ನು ತಿಳಿದುಕೊಳ್ಳುವುದು ಎಲ್ಲಕ್ಕೂ ಮೊದಲಿನ ಕೆಲಸ. ಆರ್‌ಎಚ್ ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದಾಗ 72 ಗಂಟೆಗಳೊಳಗೆ ಕೊಡುವ ಆಂಟಿ–ಡಿ ಚುಚ್ಚುಮದ್ದು, 1968ರಿಂದ ಬಳಕೆಗೆ ಬಂದುದು, ಮುಂದಿನ ಬಸುರಿನ ಮಗುವನ್ನು ಕಾಯುತ್ತದೆ. ಹೆರಿಗೆಯಾಗಿ ಬೇಗನೆ ಮನೆಗೆ ಮರಳುವ ತಾಯಂದಿರು ಮೂರನೆಯದೋ ನಾಲ್ಕನೆಯದೋ ದಿನ ಕೂಸನ್ನು ಮತ್ತೊಮ್ಮೆ ವೈದ್ಯರಿಗೆ ತೋರಿಸಿದರೆ, ಜೀವಮಾನದ ಸಂಕಟವೊಂದನ್ನು ಒಂದೆರಡು ದಿನಗಳ ದೀಪದ ಬೆಳಕಿನಿಂದಲೇ ತಪ್ಪಿಸಬಹುದು.