ಸಮುದ್ರದ ಏಂಜೆಲ್ ಮೀನು ಮತ್ತು ಹವಳದ ತೊಟ್ಟಿ: ಕೊಳ್ಳುವ ಮುನ್ನ ಒಂದು ಲೆಕ್ಕಾಚಾರ

ಗಿರಾಕಿಯ ಕಣ್ಣು ನಿಂತಲ್ಲಿ ಕಾಲೂ ನಿಲ್ಲುತ್ತದೆ ಎಂಬುದು ವ್ಯಾಪಾರಿಗಳೆಲ್ಲ ಬಲ್ಲ ಮಾತು. ಹಂಪಿಯ ಪ್ರವಾಸಿಗರನ್ನು ನಂಬಿಕೊಂಡಿರುವ ಹೊಸಪೇಟೆ, ಕಮಲಾಪುರದ ಹೋಟೆಲುಗಳಾಗಲಿ, ಸಂಡೂರು, ಕಂಪ್ಲಿಯ ಪೇಟೆಗಳ ಬಟ್ಟೆ ಮತ್ತು ಆಭರಣದ ಮಳಿಗೆಗಳಾಗಲಿ ತಮ್ಮ ಸ್ವಾಗತಾಂಗಣವನ್ನು ಅಂದಗೊಳಿಸಲು ಹಣ ವಿನಿಯೋಗಿಸುವುದು ಈ ದೃಷ್ಟಿಯಿಂದ ಸಹಜವೇ ಆಗಿದೆ. ಹೀಗೆ ವಿನಿಯೋಗವಾಗುವ ಬಂಡವಾಳದಲ್ಲಿ ಅತ್ಯಂತ ಆಕರ್ಷಕವೂ ಅಷ್ಟೇ ಅಪಾಯಕಾರಿಯೂ ಆದುದು ಸಮುದ್ರದ ಮೀನುಗಳ ಅಕ್ವೇರಿಯಂ.

ದರೋಜಿ ಭಾಗದ ಯುವ ಉದ್ಯಮಿಯೊಬ್ಬರು ತಮ್ಮ ವಸತಿಗೃಹಕ್ಕಾಗಿ ಪಡೆದ ಕೊಟೇಶನ್ ಒಂದನ್ನು ಪರಿಶೀಲನೆಗೆಂದು ನಮ್ಮ ಕಚೇರಿಗೆ ತಂದಿದ್ದರು. 1000 ಲೀಟರಿನ ಗಾಜಿನ ತೊಟ್ಟಿ, ಅದರಲ್ಲಿ ಜೀವಂತ ಹವಳಗಳು, ನಡುವೆ ದೊಡ್ಡದೊಂದು ಎಂಪರರ್ ಏಂಜೆಲ್ ಮೀನು. ಇವೆಲ್ಲಕ್ಕೂ ಸೇರಿ ಒಂದೇ ಮೊತ್ತ. ಲೆಕ್ಕಿಗನಾದವನು ಮೊತ್ತವನ್ನು ನೋಡುವ ಮೊದಲು ಬಾಬುಗಳನ್ನು ನೋಡಬೇಕು. ಬಾಬುಗಳನ್ನು ಒಂದೊಂದಾಗಿ ಬಿಡಿಸಿದಾಗ ದೊರೆತ ಸಂಗತಿಗಳು ನಮ್ಮ ಇತರ ಸದಸ್ಯರಿಗೂ ಉಪಯುಕ್ತವಾಗಬಹುದೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಹೆಸರು ಒಂದು, ಮೀನು ಎರಡು

ಅಂಗಡಿಗಳಲ್ಲಿ ‘ಏಂಜೆಲ್’ ಎಂದು ಮಾರುವ ಮೀನಿನಲ್ಲಿ ಎರಡು ಬಗೆಗಳಿವೆ. ಒಂದು, ದಕ್ಷಿಣ ಅಮೆರಿಕದ ಅಮೆಜಾನ್ ನದೀ ಪ್ರದೇಶ ಮೂಲದ ಸಿಹಿನೀರಿನ ಏಂಜೆಲ್. ಇದು ಅಂಗೈಯಗಲದ ಮೀನು; ತೊಟ್ಟಿಯಲ್ಲಿಯೇ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಇನ್ನೊಂದು ಸಮುದ್ರದ ಏಂಜೆಲ್. ಇವೆರಡಕ್ಕೂ ಹೆಸರಿನ ಹೊರತು ನೆಂಟಸ್ತಿಕೆಯಿಲ್ಲ.

ಸಮುದ್ರದ ದೊಡ್ಡ ಏಂಜೆಲ್‌ಗಳಲ್ಲಿ ಎಂಪರರ್ ಜಾತಿಯು ಸುಮಾರು 40 ಸೆಂಟಿಮೀಟರ್, ನೀಲಿ ಉಂಗುರದ ಏಂಜೆಲ್ ಸುಮಾರು 45 ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತವೆ. ಎಂಪರರ್ ಮರಿಯ ಮೈಮೇಲೆ ಕಡುನೀಲಿ ಬಣ್ಣದಲ್ಲಿ ಬಿಳಿಯ ಸುತ್ತುಗಳಿರುತ್ತವೆ. ಬೆಳೆದಂತೆ ಅವು ಅಳಿದು ಹಳದಿ ಮತ್ತು ನೀಲಿಯ ಪಟ್ಟೆಗಳು ಮೂಡುತ್ತವೆ. ಎರಡೂ ಒಂದೇ ಮೀನೆಂದು ಅರಿಯದೆ ಮರಿಯನ್ನು ಬೇರೊಂದು ಜಾತಿಯೆಂದು ಕೊಂಡವರಿದ್ದಾರೆ. ಸರಿಯಾಗಿ ಸಾಕಿದರೆ ಇದು ಹದಿನೈದು ವರ್ಷ ಮೀರಿ ಬದುಕಬಲ್ಲದು. ಆದುದರಿಂದ ಇಂದು ಐದು ಸೆಂಟಿಮೀಟರ್ ಇರುವ ಮರಿಯನ್ನು ನೋಡಿ ತೊಟ್ಟಿಯ ಅಳತೆ ನಿರ್ಧರಿಸುವುದು, ಅಂಗಡಿಯ ಮೊದಲ ತಿಂಗಳ ವಹಿವಾಟು ನೋಡಿ ಗೋದಾಮು ಕಟ್ಟಿಸಿದಂತಾಗುತ್ತದೆ.

ಒಂದೇ ತೊಟ್ಟಿಯಲ್ಲಿ ಎರಡು ಬಂಡವಾಳ

ಕಡಲಿನಲ್ಲಿ ಈ ಮೀನಿನ ಮುಖ್ಯ ಆಹಾರ ಸ್ಪಂಜು ಜೀವಿಗಳು, ಬಂಡೆಗಂಟಿದ ಇತರ ಮೆದು ಜೀವಿಗಳು ಮತ್ತು ಪಾಚಿ. ದಿನವಿಡೀ ಬಂಡೆಯಿಂದ ಬಂಡೆಗೆ ಸಾಗಿ ಕೊರೆದು ತಿನ್ನುವುದು ಅದರ ಜೀವನಕ್ರಮ. ಹವಳದ ತೊಟ್ಟಿಗೆ ಬಿಟ್ಟಾಗಲೂ ಅದು ಇದನ್ನೇ ಮಾಡುತ್ತದೆ. ಮಾಂಸಲವಾದ ಹವಳಗಳು, ಕಪ್ಪೆಚಿಪ್ಪಿನ ಮೆದು ಅಂಚು ಅದಕ್ಕೆ ಪ್ರಿಯವಾದ ತಿನಿಸು. ಕೆಲವು ಮೀನುಗಳು ವರ್ಷಗಟ್ಟಲೆ ಹವಳದ ತಂಟೆಗೆ ಹೋಗದಿರುವುದೂ ಉಂಟು. ಆದರೆ ಯಾವ ಮೀನು ಹಾಗಿರುತ್ತದೆ, ಎಷ್ಟು ದಿನ ಹಾಗಿರುತ್ತದೆ ಎಂದು ಮಾರುವವರು ಖಾತರಿ ಕೊಡಲಾರರು.

ದರೋಜಿಯ ಕರಡಿಧಾಮದಲ್ಲಿ ಬಂಡೆಗಳಿಗೆ ಬೆಲ್ಲ, ಜೇನಿನ ಲೇಪವನ್ನು ಬಳಿದು, ಸಂಜೆ ಕರಡಿಗಳು ಇಳಿದು ಬಂದು ಅದನ್ನು ನೆಕ್ಕುವುದನ್ನು ಪ್ರವಾಸಿಗರಿಗೆ ತೋರಿಸುವುದನ್ನು ನಾವೆಲ್ಲ ಬಲ್ಲೆವು. ಜೇನು ಬಳಿದ ಬಂಡೆಯ ಮೇಲೆ ಕರಡಿಯನ್ನು ಬಿಟ್ಟು, ನೆಕ್ಕಬೇಡ ಎಂದು ಹೇಳಲಾಗದು. ಹವಳದ ನಡುವೆ ಏಂಜೆಲ್ ಬಿಡುವುದೂ ಅಂತಹುದೇ.

ಎರಡನೆಯ ವಿರೋಧ ಇದಕ್ಕಿಂತ ಸೂಕ್ಷ್ಮವಾದುದು. ದೊಡ್ಡ ಮೀನಿಗೆ ದಿನಕ್ಕೆ ಎರಡು ಮೂರು ಬಾರಿ ಹೊಟ್ಟೆ ತುಂಬ ಆಹಾರ ಬೇಕು. ಹೆಚ್ಚು ಆಹಾರವೆಂದರೆ ಹೆಚ್ಚು ಕಲ್ಮಶ, ಹೆಚ್ಚು ನೈಟ್ರೇಟ್. ಹವಳಗಳಿಗಾದರೋ ಕಲ್ಮಶ ಕಡಿಮೆಯಿರುವ ತಿಳಿನೀರು ಬೇಕು. ಒಂದರ ಪೋಷಣೆಯೇ ಇನ್ನೊಂದರ ಕ್ಷಯಕ್ಕೆ ಕಾರಣವಾಗುವ ಎರಡು ಆಸ್ತಿಗಳನ್ನು ಒಂದೇ ಕಡೆ ಹೂಡುವುದು ವಿವೇಕವಲ್ಲ.

ಕಾನೂನಿನ ಅಂಶ

ಕೊಟೇಶನ್ನಿನಲ್ಲಿ ಕಾಣದಿದ್ದರೂ ಎಲ್ಲಕ್ಕಿಂತ ಭಾರವಾದ ಬಾಬು ಇದು. ರೀಫ್ ಕಟ್ಟುವ ಕಲ್ಲು ಹವಳಗಳು, ಕರಿ ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಹಾಗೂ ಸಮುದ್ರ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ ಒಂದನೆಯ ಅನುಸೂಚಿಯಲ್ಲಿವೆ. ಎಂದರೆ, ಹುಲಿ ಮತ್ತು ಕರಡಿಗಿರುವ ರಕ್ಷಣೆಯೇ ಹವಳಕ್ಕೂ ಇದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಒಂದನೆಯ ಅನುಸೂಚಿಯ ಜೀವಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳ ಕಾರಾಗೃಹ ವಾಸ ಮತ್ತು 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವಿದೆ. ಸತ್ತ ಹವಳದ ತುಂಡೂ ಇದಕ್ಕೆ ಹೊರತಲ್ಲ. ‘ಲೈವ್ ರಾಕ್’ ಎಂದು ಮಾರುವ ಕಲ್ಲು ಹಲವು ವೇಳೆ ಹವಳದ ಅಸ್ಥಿಯೇ ಆಗಿರುವುದರಿಂದ ಅದನ್ನೂ ಮುಟ್ಟದಿರುವುದು ಕ್ಷೇಮ. ‘ಇದು ವಿದೇಶದ ಹವಳ, ತೊಂದರೆಯಿಲ್ಲ’ ಎಂಬ ಸಮಾಧಾನವೂ ನಿಲ್ಲುವಂಥದಲ್ಲ. ಕಲ್ಲು ಹವಳಗಳು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿಯೂ ಇವೆ. ಪಟ್ಟಿಯಲ್ಲಿಲ್ಲವೆಂದು ಹೇಳಿ ಮಾರುವ ಮೆದು ಹವಳಗಳ ವಿಷಯದಲ್ಲಿಯೂ ಜಾತಿಯ ಹೆಸರು ನಮೂದಾದ ಲಿಖಿತ ದಾಖಲೆಯನ್ನು ಕೇಳಬೇಕು.

ಎಂಪರರ್ ಏಂಜೆಲ್ ಈ ಅನುಸೂಚಿಯಲ್ಲಿಲ್ಲ. 2017ರಲ್ಲಿ ಕೇಂದ್ರ ಸರ್ಕಾರವು ಅಕ್ವೇರಿಯಂ ಅಂಗಡಿಗಳಿಗಾಗಿ ಹೊರಡಿಸಿದ ನಿಯಮಗಳಲ್ಲಿ ಏಂಜೆಲ್ ಸೇರಿದಂತೆ ನೂರೈವತ್ತಕ್ಕೂ ಹೆಚ್ಚು ಜಾತಿಗಳ ಮಾರಾಟಕ್ಕೆ ನಿರ್ಬಂಧವಿತ್ತು; ತರುವಾಯ ಆ ನಿಯಮಗಳನ್ನು ಹಿಂಪಡೆಯಲಾಯಿತು. ಆದರೂ ವಿದೇಶದಿಂದ ತರಿಸುವ ಮೀನಿಗೆ ಆಮದು ಅನುಮತಿ, ಆರೋಗ್ಯ ಪ್ರಮಾಣಪತ್ರ ಮತ್ತು ಕ್ವಾರಂಟೈನ್ ಅಗತ್ಯ. ಬಿಲ್ಲಿಲ್ಲದೆ ಮೀನು ಕೊಳ್ಳುವವರು ಈ ಮೂರನ್ನೂ ಬಿಟ್ಟುಕೊಟ್ಟಂತಾಗುತ್ತದೆ.

ಬಿಲ್ಲು ಕೇಳಲು ಇನ್ನೊಂದು ಕಾರಣವೂ ಇದೆ. ಫಿಲಿಪೈನ್ಸ್ ಮೊದಲಾದ ಕಡೆಗಳಲ್ಲಿ 1960ರ ದಶಕದಿಂದ ಅಲಂಕಾರಿಕ ಮೀನುಗಳನ್ನು ಸೈನೈಡ್ ದ್ರಾವಣದಿಂದ ಮಂಕುಗೊಳಿಸಿ ಹಿಡಿಯುವ ದುರಭ್ಯಾಸ ಬೆಳೆಯಿತು. ಹಾಗೆ ಹಿಡಿದ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಂಡು, ಕೆಲವೇ ವಾರಗಳಲ್ಲಿ ಸಾಯಬಹುದು. ಆ ದ್ರಾವಣ ತಾಗಿದ ಹವಳವೂ ಸಾಯುತ್ತದೆ. ಎಲ್ಲಿಂದ ಬಂದ ಮೀನೆಂದು ಹೇಳಲಾಗದ ವ್ಯಾಪಾರಿಯಿಂದ ಕೊಳ್ಳದಿರುವುದೇ ಲೇಸು.

ನೀರು, ಉಪ್ಪು ಮತ್ತು ವಿದ್ಯುತ್ತಿನ ಲೆಕ್ಕ

ನಮ್ಮ ಭಾಗದಿಂದ ಕಡಲು ಸುಮಾರು 300 ಕಿಲೋಮೀಟರ್ ದೂರ. ಆದುದರಿಂದ ಸಮುದ್ರದ ನೀರನ್ನು ನಾವೇ ತಯಾರಿಸಿಕೊಳ್ಳಬೇಕು. ಆರ್.ಓ. ನೀರಿಗೆ ಅಕ್ವೇರಿಯಂ ಉಪ್ಪನ್ನು ಲೀಟರಿಗೆ ಸುಮಾರು 36 ಗ್ರಾಂನಂತೆ ಬೆರೆಸಬೇಕಾಗುತ್ತದೆ. ಅಡುಗೆ ಉಪ್ಪು ಇದಕ್ಕೆ ಬಾರದು. 1000 ಲೀಟರಿಗೆ ಆರಂಭದಲ್ಲಿ 36 ಕಿಲೋ. ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಿಸಿದರೆ 3.6 ಕಿಲೋ, ವರ್ಷಕ್ಕೆ 187 ಕಿಲೋ ಉಪ್ಪು ಮತ್ತು 5,200 ಲೀಟರ್ ಶುದ್ಧ ನೀರು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಹೋಗುವ ಯಂತ್ರವಾದರೆ ಹೊರಹೋಗುವ ನೀರೇ 15,600 ಲೀಟರ್. ಅದನ್ನು ಚರಂಡಿಗೆ ಬಿಡದೆ ನೆಲ ತೊಳೆಯಲು ಬಳಸಿಕೊಳ್ಳಬಹುದು. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಆ ಕೊರತೆಯನ್ನು ಉಪ್ಪು ಬೆರೆಸದ ಶುದ್ಧ ನೀರಿನಿಂದಲೇ ತುಂಬಬೇಕು.

ತಾಪಮಾನವು 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಚಿಲ್ಲರ್ ಇಲ್ಲದೆ ಇದು ಸಾಧ್ಯವಿಲ್ಲ. ಉದಾಹರಣೆಗೆ ಒಂದು ದಿನದ ಲೆಕ್ಕ ಹೀಗಿದೆ:

1. ಹವಳಕ್ಕೆ ಬೇಕಾದ ದೀಪಗಳು, 300 ವಾಟ್, 10 ಗಂಟೆ: 3 ಯೂನಿಟ್
2. ಪಂಪುಗಳು, 150 ವಾಟ್, 24 ಗಂಟೆ: 3.6 ಯೂನಿಟ್
3. ಪ್ರೋಟೀನ್ ಸ್ಕಿಮ್ಮರ್, 50 ವಾಟ್, 24 ಗಂಟೆ: 1.2 ಯೂನಿಟ್
4. ಚಿಲ್ಲರ್, 700 ವಾಟ್, ಬೇಸಿಗೆಯಲ್ಲಿ 10 ಗಂಟೆ: 7 ಯೂನಿಟ್

ಒಟ್ಟು ದಿನಕ್ಕೆ 14.8, ತಿಂಗಳಿಗೆ 444 ಯೂನಿಟ್. ಇದನ್ನು ತಮ್ಮ ತಮ್ಮ ವಾಣಿಜ್ಯ ದರದಿಂದ ಗುಣಿಸಿಕೊಳ್ಳಬಹುದು. ಹವಳವನ್ನು ಕೈಬಿಟ್ಟರೆ ದೀಪಕ್ಕೆ 60 ವಾಟ್ ಸಾಕು. ತಿಂಗಳಿಗೆ 72 ಯೂನಿಟ್ ಉಳಿಯುವುದಲ್ಲದೆ, ಹವಳಕ್ಕಾಗಿ ದಿನವೂ ಹಾಕಬೇಕಾದ ಕ್ಯಾಲ್ಸಿಯಂ ಮೊದಲಾದ ದ್ರಾವಣಗಳ ಖರ್ಚೂ ತಪ್ಪುತ್ತದೆ.

ವಿದ್ಯುತ್ ನಿಂತಾಗ ಮೊದಲು ಕುಂದುವುದು ನೀರಿನ ಆಮ್ಲಜನಕ. ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುವುದರಿಂದ ಬೇಸಿಗೆಯಲ್ಲಿ ಅಪಾಯ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಚೈನ್ ತುಂಡಾಗಿ ಕೊಚ್ಚಿಹೋದುದನ್ನು ಕಂಡ ನಮಗೆ, ಇಡೀ ವ್ಯವಸ್ಥೆಯನ್ನು ಒಂದೇ ಕೊಂಡಿಗೆ ತೂಗುಹಾಕುವುದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನರೇಟರ್ ಇದ್ದರೂ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಒಂದು ಪ್ರತ್ಯೇಕವಾಗಿರಲಿ. ಇನ್ನು ತೂಕ: 1000 ಲೀಟರ್ ಕಡಲ ನೀರೇ 1,025 ಕಿಲೋ. ಗಾಜು, ಕಲ್ಲು, ಸ್ಟ್ಯಾಂಡು ಸೇರಿದರೆ ಇನ್ನೂ ಹೆಚ್ಚು. ಮಹಡಿಯ ಮೇಲೆ ಇಡುವವರು ಮೊದಲು ಇಂಜಿನಿಯರರ ಅಭಿಪ್ರಾಯ ಪಡೆಯಬೇಕು.

ತಾಳಿದವನು ಬಾಳಿಯಾನು

ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡುವುದು ಹಣವನ್ನು ನೀರಿಗೆಸೆದಂತೆ. ಮೀನಿನ ತ್ಯಾಜ್ಯದ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಕಲ್ಲಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆಯೇ ಮೊದಲ ಸಣ್ಣ ಮೀನು. ಏಂಜೆಲ್ ತನ್ನ ನೆಲೆಗಾಗಿ ಕಾದಾಡುವ ಸ್ವಭಾವದ್ದಾದುದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಅದೇ ಜಾತಿಯ ಇನ್ನೊಂದು ಬೇಡ.

ಹೊಸ ಮೀನನ್ನು ಬೇರೊಂದು ತೊಟ್ಟಿಯಲ್ಲಿ ನಾಲ್ಕು ವಾರವಾದರೂ ಇಟ್ಟು ನೋಡುವುದು ಅವಶ್ಯ. ಮೈಮೇಲೆ ಉಪ್ಪಿನ ಕಣಗಳಂತೆ ಬಿಳಿ ಚುಕ್ಕೆ ಮೂಡಿಸುವ ಪರೋಪಜೀವಿ ರೋಗಕ್ಕೆ ತಾಮ್ರದ ಔಷಧಿ ಗುಣಕಾರಿ. ಆದರೆ ಅದೇ ಔಷಧಿ ಹವಳಕ್ಕೂ ಸೀಗಡಿಗೂ ವಿಷ. ಹವಳದ ತೊಟ್ಟಿಯಲ್ಲಿ ಮೀನಿಗೆ ಕಾಯಿಲೆ ಬಂದರೆ ಚಿಕಿತ್ಸೆಯ ದಾರಿಯೇ ಮುಚ್ಚಿದಂತಾಗುವುದು ಇದರಿಂದಲೇ.

ಲೆಕ್ಕಪತ್ರದಲ್ಲಿ ಮೀನು

ಪಂಪು, ಚಿಲ್ಲರ್ ಮೊದಲಾದ ಸಲಕರಣೆಗಳಿಗೆ ಸವಕಳಿ ದೊರೆಯುತ್ತದೆ. ಮೀನಿಗೆ ದೊರೆಯುವುದಿಲ್ಲ; ಏಕೆಂದರೆ 1961ರ ಆದಾಯ ತೆರಿಗೆ ಕಾಯಿದೆಯ 43(3)ನೆಯ ಕಲಮು ‘ಪ್ಲಾಂಟ್’ ಎಂಬ ಪದದಿಂದ ಜಾನುವಾರನ್ನು ಹೊರಗಿಟ್ಟಿದೆ. ಆದರೆ ವ್ಯವಹಾರದಲ್ಲಿ ಬಳಸುತ್ತಿದ್ದ, ಮಾರಾಟದ ಸರಕಲ್ಲದ ಪ್ರಾಣಿಯು ಸತ್ತಾಗ, ಅದರ ಕೊಂಡ ಬೆಲೆಯಲ್ಲಿ ಕಳೇಬರದಿಂದ ಬಂದ ಮೊತ್ತವನ್ನು ಕಳೆದು ಉಳಿದುದನ್ನು ಖರ್ಚೆಂದು ತೋರಿಸಲು 36ನೆಯ ಕಲಮಿನ ಒಂದನೆಯ ಉಪಕಲಮಿನ ಆರನೆಯ ಖಂಡದಲ್ಲಿ ಅವಕಾಶವಿದೆ. ಇದಕ್ಕೆ ಕೊಂಡ ಬಿಲ್ಲು, ಸತ್ತ ದಿನಾಂಕದ ಟಿಪ್ಪಣಿ ಮತ್ತು ಛಾಯಾಚಿತ್ರ ಕಡತದಲ್ಲಿರಲಿ. 2026ರ ಏಪ್ರಿಲ್ 1 ಹೊಸ ಆದಾಯ ತೆರಿಗೆ ಕಾಯಿದೆ, 2025ರ ಜಾರಿಯ ದಿನಾಂಕವಾದುದರಿಂದ, ಆ ನಂತರದ ವರ್ಷಗಳಿಗೆ ಅದರ ಅನುಗುಣವಾದ ಉಪಬಂಧವನ್ನು ನೋಡಿಕೊಳ್ಳಬೇಕು. ಅಲಂಕಾರಿಕ ಮೀನಿನ ವ್ಯಾಪಾರಿಗೆ ಮೀನು ದಾಸ್ತಾನು. ಸತ್ತದ್ದು ದಾಸ್ತಾನಿನ ನಷ್ಟ. ಮನೆಯ ಹಜಾರದ ಅಕ್ವೇರಿಯಂ ವೆಚ್ಚವು ಮಾಲೀಕರ ಸ್ವಂತ ಡ್ರಾಯಿಂಗ್ಸ್. ಅದನ್ನು ವ್ಯವಹಾರದ ಖಾತೆಗೆ ಬರೆಯಬಾರದು.

ಹಾಗಾದರೆ ದಾರಿ ಯಾವುದು?

ಏಂಜೆಲ್ ಸಾಕಲೇಬೇಕೆನ್ನುವವರು ಹವಳವನ್ನು ಬಿಡಲಿ. ಸಿರಾಮಿಕ್ ಕಲ್ಲುಗಳು ಮತ್ತು ಕೃತಕ ಹವಳದ ತೊಟ್ಟಿಯಲ್ಲಿ ಮೀನಿಗೆ ಕೆಡಿಸಲು ಏನೂ ಇರುವುದಿಲ್ಲ, ಕಾನೂನಿನ ಭಯವಿಲ್ಲ, ವಿದ್ಯುತ್ತೂ ಉಳಿಯುತ್ತದೆ. ಸ್ವಾಗತಾಂಗಣಕ್ಕೆ ಬರುವ ಅತಿಥಿಯು ನೋಡುವುದು ಮೀನನ್ನೇ. ನಿಜವಾದ ಹವಳವನ್ನು ನೋಡುವ ಆಸೆಯಿದ್ದವರಿಗೆ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಸೌಲಭ್ಯವಿದೆ.

ಸಣ್ಣ ಬಂಡವಾಳದಲ್ಲಿ ಈ ಕ್ಷೇತ್ರಕ್ಕಿಳಿಯುವವರು ಸಿಹಿನೀರಿನ ಅಲಂಕಾರಿಕ ಮೀನುಗಳಿಂದ ಆರಂಭಿಸುವುದು ಉಚಿತ. ತುಂಗಭದ್ರೆಯ ನೀರು, ಬಿಸಿಲು ಎರಡೂ ಅವಕ್ಕೆ ಹೊಂದುತ್ತವೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇಂತಹ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರಿಗೆ ಹಾಗೂ ಪರಿಶಿಷ್ಟರಿಗೆ ಶೇಕಡಾ 60 ಸಹಾಯಧನ ನಿಗದಿಯಾಗಿತ್ತು. ಸದ್ಯದ ಅವಕಾಶಗಳ ಬಗ್ಗೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸುವುದು ಒಳ್ಳೆಯದು. ಸಮುದ್ರದ ಮೀನಿನಲ್ಲೇ ಆಸಕ್ತಿಯುಳ್ಳವರು ಕ್ಲೌನ್ ಮೀನಿನತ್ತ ನೋಡಬಹುದು. ಅದನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸುವ ತಂತ್ರಜ್ಞಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಆ ಸಂಸ್ಥೆಯ ಕೇಂದ್ರವೊಂದು ನಮ್ಮ ಕಾರವಾರದಲ್ಲಿಯೇ ಇದೆ.

ಕೊಟೇಶನ್ನಿಗೆ ಸಹಿ ಮಾಡುವ ಮುನ್ನ ಸದಸ್ಯರು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಈ ಮೀನು ಬೆಳೆದಾಗ ಎಷ್ಟು ದೊಡ್ಡದು? ಇದರೊಂದಿಗೆ ಕೊಡುವ ವಸ್ತುಗಳೆಲ್ಲವೂ ಕಾನೂನಿಗೆ ಒಪ್ಪಿತವೇ? ತಿಂಗಳ ನಿರ್ವಹಣೆ ಎಷ್ಟು? ಎಂಟು ಗಂಟೆ ವಿದ್ಯುತ್ ಇಲ್ಲದಿದ್ದರೆ ಏನಾಗುತ್ತದೆ? ಮಾರಾಟಗಾರರು ನಾಲ್ಕಕ್ಕೂ ಲಿಖಿತ ಉತ್ತರ ಕೊಟ್ಟರೆ ಮುಂದುವರಿಯಬಹುದು. ಒಂದಕ್ಕೆ ಬಾಯಿಮಾತಿನ ಉತ್ತರ ಬಂದರೂ ಚೆಕ್ ಪುಸ್ತಕವನ್ನು ಮುಚ್ಚಿಡುವುದು ಒಳಿತು.